ದತ್ತು ಮಗುವಿನ ದಾರಿ ಕಾಯುತ್ತ ಕೆಲಸಕ್ಕೂ ಹೋಗುತ್ತಿರುವವರು ದಯವಿಟ್ಟು ಬರೆಯಿರಿ

ಹೇಮಾವತಿ ದಡದವಳು (ಲೀಡ್ಸ್)

ನಾನು ಸಕಲೇಶಪುರದ ಕಡೆಯವಳು. ಹದಿನಾಲ್ಕು ವರ್ಷಗಳಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಆಸ್ಪತ್ರೆಯೊಂದರ ಎಕ್ಸ್‌-ರೇ ವಿಭಾಗದಲ್ಲಿ ಕೆಲಸ. ಯಜಮಾನರು ಸಾಫ್ಟ್‌ವೇರ್‌ನಲ್ಲಿದ್ದಾರೆ. ಇಬ್ಬರಿಗೂ ಬ್ರಿಟಿಷ್ ಪಾಸ್‌ಪೋರ್ಟ್ ಬಂದಿದೆ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಒಸಿಐ ಕಾರ್ಡ್ ಇದೆ. ಭಾರತದಿಂದ ಮಗುವನ್ನು ದತ್ತು ತೆಗೆದುಕೊಳ್ಳಲು ದೆಹಲಿಯ ಕಾರಾದಲ್ಲಿ (ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನಮ್ಮ ಹೆಸರು ನೋಂದಣಿಯಾಗಿ 26 ತಿಂಗಳಾಯಿತು. ಇಬ್ಬರ ವಯಸ್ಸು ಕೂಡಿಸಿದರೆ ನೋಂದಣಿಯ ದಿನ 88 ಇತ್ತು. ದಂಪತಿಯ ಒಟ್ಟು ವಯಸ್ಸು 85 ದಾಟಿದರೆ ಎರಡು ವರ್ಷದೊಳಗಿನ ಮಗುವನ್ನು ಕೊಡುವುದಿಲ್ಲ, ಎರಡರಿಂದ ನಾಲ್ಕು ವರ್ಷದ ಮಗುವಿಗೆ ಮಿತಿ 90. ಹಾಗಾಗಿ ನಡೆಯಲು ಕಲಿತ, ಮಾತು ಬಂದಿರುವ ಮಗುವೊಂದು ಎಲ್ಲಿಯೋ ಇದೆ ಎಂದುಕೊಂಡು ದಿನ ನೂಕುತ್ತಿದ್ದೇವೆ.

ನನ್ನ ಕಷ್ಟ ಹೇಳುತ್ತೇನೆ. ನಮ್ಮ ವಿಭಾಗದಲ್ಲಿ ಯಾರಾದರೂ ಗರ್ಭಿಣಿಯಾದರೆ ಅವರನ್ನು ಕೆಲವು ಕೊಠಡಿಗಳ ಕೆಲಸದಿಂದ ಬಿಡಿಸುತ್ತಾರೆ, ರಾತ್ರಿ ಪಾಳಿ ಕಡಿಮೆ ಮಾಡುತ್ತಾರೆ, ಯಾವ ತಿಂಗಳಿಂದ ರಜೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಅದು ಸರಿಯಾದದ್ದೇ. ಕಳೆದ ಎರಡು ವರ್ಷಗಳಲ್ಲಿ ಮೂವರು ಸಹೋದ್ಯೋಗಿಗಳ ಸೀಮಂತದಂಥ ಸಮಾರಂಭಗಳಿಗೆ ನಾನೇ ಕೇಕ್ ಮಾಡಿಕೊಂಡು ಹೋಗಿದ್ದೇನೆ. ಆದರೆ ನನ್ನ ಕಾಯುವಿಕೆಗೆ ತಿಂಗಳಿಲ್ಲ, ತಾರೀಖಿಲ್ಲ. ಕಚೇರಿಯಲ್ಲಿ ಯಾರಿಗೂ ತಿಳಿಸಿಲ್ಲ. ಮಗುವಿನ ವಿವರ ಬಂದರೆ 96 ಗಂಟೆಗಳೊಳಗೆ ಒಪ್ಪಿ ಕಾಯ್ದಿರಿಸಬೇಕು. ದೆಹಲಿಯ ಕಚೇರಿ ಬೆಳಿಗ್ಗೆ ಹತ್ತಕ್ಕೆ ತೆರೆದರೆ ಚಳಿಗಾಲದಲ್ಲಿ ನಮಗೆ ನಸುಕಿನ ನಾಲ್ಕೂವರೆ. ಪಾಳಿಯಲ್ಲಿರುವಾಗ ಮೊಬೈಲ್ ಲಾಕರಿನಲ್ಲಿರುತ್ತದೆ. ಒಬ್ಬ ರೋಗಿಯ ಎದೆಯ ಚಿತ್ರ ತೆಗೆಯುವಾಗಲೂ ಮನಸ್ಸು ಆ ಲಾಕರಿನಲ್ಲಿ ಇರುತ್ತದೆ.

ಈಗ ಶೆಫೀಲ್ಡ್‌ನಲ್ಲಿ ಹಿರಿಯ ಹುದ್ದೆಗೆ ಅರ್ಜಿ ಹಾಕು ಎಂದು ನನ್ನ ಮೇಲಧಿಕಾರಿ ಒತ್ತಾಯಿಸುತ್ತಿದ್ದಾರೆ. ಮನೆ ಬದಲಾದರೆ ಸಮಾಜ ಕಾರ್ಯಕರ್ತೆ ನಮ್ಮ ಮನೆ, ಬದುಕು ನೋಡಿ ಬರೆದ ಹೋಮ್ ಸ್ಟಡಿ ವರದಿಯನ್ನು ಮತ್ತೆ ತಿದ್ದಿಸಬೇಕು. ಆ ವರದಿಗೆ ಇರುವುದೇ ಮೂರು ವರ್ಷದ ಆಯುಷ್ಯ. ಬೇಡ ಎಂದರೆ ಏಕೆ ಎಂದು ಕೇಳುತ್ತಾರೆ. ಏನು ಹೇಳಲಿ? ಇದೇ ದಾರಿಯಲ್ಲಿ ನಡೆದವರು ಯಾವಾಗ ತಿಳಿಸಿದಿರಿ, ರಜೆಯನ್ನು ಹೇಗೆ ಉಳಿಸಿದಿರಿ, ಈ ದಿನಗಳನ್ನು ಹೇಗೆ ದಾಟಿದಿರಿ?

ಬೆಳಗಾವಿ ಮನೆಮಗಳು (ಎಡಿಸನ್, ನ್ಯೂಜೆರ್ಸಿ)

ತಂಗಿ, ನಿಮ್ಮ ಲಾಕರಿನ ಮಾತು ಓದಿ ನನ್ನ ಎದೆ ಹಿಂಡಿದಂತಾಯಿತು. ನನ್ನದು ಔಷಧ ಕಂಪನಿಯೊಂದರ ಪ್ರಯೋಗಾಲಯದ ಕೆಲಸ. ಅಲ್ಲಿಯೂ ಮೊಬೈಲ್ ಒಳಗೆ ಒಯ್ಯುವಂತಿರಲಿಲ್ಲ.

ನಾವು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. 2018ರಲ್ಲಿ ಹೋಮ್ ಸ್ಟಡಿ ಮುಗಿದ ವಾರವೇ ನಾನು ಸಂಭ್ರಮದಿಂದ ಇಡೀ ವಿಭಾಗಕ್ಕೆ ಹೇಳಿಬಿಟ್ಟೆ. ಒಂದು ವರ್ಷದಲ್ಲಿ ಮಗು ಬರುತ್ತದೆ ಎಂದುಕೊಂಡಿದ್ದೆ. ಅದಾದ ಮೇಲೆ ಪ್ರತಿ ಸೋಮವಾರ ಯಾರಾದರೊಬ್ಬರು ಪ್ರೀತಿಯಿಂದಲೇ "ಏನಾದರೂ ಸುದ್ದಿ ಬಂತೇ" ಎಂದು ಕೇಳುತ್ತಿದ್ದರು. ನೂರಕ್ಕೂ ಹೆಚ್ಚು ಸೋಮವಾರ "ಇಲ್ಲ" ಎಂದು ಹೇಳಿದೆ. ಆ ಪದ ಹೇಳಿ ಹೇಳಿ ನನ್ನ ಧ್ವನಿಯೇ ಬೇರೆಯಾಯಿತು. ಆದ್ದರಿಂದ ಒಬ್ಬರಿಗೆ ಮಾತ್ರ ಹೇಳಿ. ಬರವಣಿಗೆಯಲ್ಲಿ ಹೇಳಿ. "ಸುದ್ದಿ ಬಂದ ದಿನ ನಾನೇ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ದಯವಿಟ್ಟು ಕೇಳಬೇಡಿ" ಎಂದೂ ಸೇರಿಸಿ. ಇದೊಂದನ್ನು ಮೊದಲೇ ಮಾಡಿದ್ದರೆ ಎರಡು ವರ್ಷ ನಾನು ಇಷ್ಟು ಸವೆಯುತ್ತಿರಲಿಲ್ಲ.

ನಾವಿಬ್ಬರೂ ಅಮೆರಿಕದ ಪ್ರಜೆಗಳಾದ್ದರಿಂದ ಹೊರದೇಶದ ಮಗುವನ್ನು ದತ್ತು ತೆಗೆದುಕೊಳ್ಳಲು ನಾವು ಅರ್ಹರು ಎಂದು ತೋರಿಸುವ ಐ-800ಎ ಎಂಬ ಅರ್ಜಿಗೆ ಇಲ್ಲಿ ಮೊದಲು ಸರ್ಕಾರದ ಒಪ್ಪಿಗೆ ಬೇಕಾಯಿತು. ಅದರ ಅವಧಿ 15 ತಿಂಗಳು. ಅದು ಮುಗಿಯುತ್ತ ಬಂದಾಗ ವಿಸ್ತರಣೆಗೆ ಬರೆದೆವು, ಮತ್ತೆ ಬೆರಳಚ್ಚು ಕೊಟ್ಟೆವು. ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ವರದಿ, ಸಂಬಳದ ಪತ್ರ, ಯಾವುದನ್ನೇ ತೆಗೆದುಕೊಳ್ಳಿ, ಹಾಲಿನ ಪ್ಯಾಕೆಟ್ಟಿನ ಹಾಗೆ ಕೊನೆಯ ದಿನಾಂಕ ಇರುತ್ತದೆ. ನನ್ನ ಪತಿ ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಬದಿಯಲ್ಲಿ ಒಂದು ಕಾಗದ ಅಂಟಿಸಿ, ಯಾವ ಪತ್ರ ಯಾವ ತಿಂಗಳಿಗೆ ಹಳತಾಗುತ್ತದೆ ಎಂದು ಬರೆದಿಟ್ಟಿದ್ದರು. ನಮ್ಮನ್ನು ಉಳಿಸಿದ್ದು ಆ ಕಾಗದ.

2019ರ ಡಿಸೆಂಬರಿನಲ್ಲಿ ಒಂದು ಗುರುವಾರ ರಾತ್ರಿ ವಿವರ ಬಂತು. ಐದು ವರ್ಷ ದಾಟಿದ ಹುಡುಗಿ, ಸೊಲ್ಲಾಪುರದ ಕಡೆಯವಳು, ಮರಾಠಿ ಮಾತಾಡುತ್ತಾಳೆ ಎಂದಿತ್ತು. ನಾನು ಬೆಳಗಾವಿಯಲ್ಲಿ ಬೆಳೆದವಳು. ಮರಾಠಿ ನಮ್ಮ ಓಣಿಯ ಭಾಷೆ. ಎಂದೂ ಯಾವುದಕ್ಕೂ ಉಪಯೋಗವಾಗದು ಎಂದುಕೊಂಡಿದ್ದ ನನ್ನ ಓಣಿಯ ಮರಾಠಿ ಆ ರಾತ್ರಿ ಕೈ ಹಿಡಿಯಿತು. ಪರಿಚಯದ ಮಕ್ಕಳ ವೈದ್ಯರಿಗೆ ವೈದ್ಯಕೀಯ ವರದಿ ಓದಿಸಿ ಶನಿವಾರವೇ ಕಾಯ್ದಿರಿಸಿದೆವು. 30 ದಿನಗಳೊಳಗೆ ಸಹಿ ಹಾಕಿ ಕಳಿಸಬೇಕಿತ್ತು, ವಾರದಲ್ಲೇ ಕಳಿಸಿದೆವು.

ಆಮೇಲೆ ಮಾರ್ಚ್ 2020 ಬಂತು. ವಿಮಾನಗಳು ನಿಂತವು, ನಮ್ಮ ಒಸಿಐ ಕಾರ್ಡಿನ ಪ್ರಯಾಣದ ಅವಕಾಶವನ್ನೂ ತಡೆಹಿಡಿದರು. ಪ್ರತಿ ಭಾನುವಾರ ಬೆಳಿಗ್ಗೆ ವಿಡಿಯೊದಲ್ಲಿ ಮಾತಾಡುತ್ತಿದ್ದೆವು. ಜುಲೈನಲ್ಲಿ ಒಂದು ಭಾನುವಾರ ಅವಳು ಮರಾಠಿಯಲ್ಲಿ ಕೇಳಿದಳು: "ನಿಮ್ಮ ವಿಮಾನ ಇನ್ನೂ ರಿಪೇರಿ ಆಗಿಲ್ಲವಾ?" ನಾನು ಕ್ಯಾಮೆರಾ ಆರಿಸಿ ಪಕ್ಕದ ಕೋಣೆಗೆ ಹೋಗಿಬಿಟ್ಟೆ. ಅಕ್ಟೋಬರ್ ಕೊನೆಯಲ್ಲಿ ಒಸಿಐ ಇದ್ದವರಿಗೆಲ್ಲ ಬಾಗಿಲು ತೆರೆಯಿತು, ನವೆಂಬರಿನಲ್ಲಿ ಹೊರಟೆವು.

ರಜೆಯ ವಿಷಯ. ಇಲ್ಲಿ ಎಫ್‌ಎಂಎಲ್‌ಎ ಎಂಬ 1993ರ ಕಾನೂನಿನಲ್ಲಿ 12 ವಾರ ರಜೆ ಇದೆ, ಆದರೆ ಸಂಬಳವಿಲ್ಲ. ಕಂಪನಿಯಲ್ಲಿ ಕನಿಷ್ಠ 50 ಜನ ಇರಬೇಕು, ನೀವು ಒಂದು ವರ್ಷ ದುಡಿದಿರಬೇಕು. ದತ್ತು ಪೂರೈಸಲು ಬೇರೆ ದೇಶಕ್ಕೆ ಹೋಗುವ ದಿನಗಳಿಗೂ ಅದನ್ನು ಬಳಸಬಹುದು ಎಂಬುದು ನನಗೆ ತಿಳಿದದ್ದು ತಡವಾಗಿ. ಅಷ್ಟರಲ್ಲಿ ಕೂಡಿಟ್ಟ ರಜೆಯನ್ನೆಲ್ಲ ಬೆರಳಚ್ಚು, ನೋಟರಿ, ಅಪಾಸ್ಟಿಲ್ (ಹೊರದೇಶಕ್ಕೆ ಕೊಡುವ ಪತ್ರಗಳಿಗೆ ಸರ್ಕಾರದ ದೃಢೀಕರಣ) ಎಂದು ಅರ್ಧರ್ಧ ದಿನ ಮಾಡಿ ಕಳೆದುಕೊಂಡಿದ್ದೆ.

ಮರಳಿ ಬಂದವನು (ಬೆಂಗಳೂರು)

ನಾನು ಡಲ್ಲಾಸ್‌ನಲ್ಲಿ ಒಂಬತ್ತು ವರ್ಷ ಇದ್ದೆ, ಎಚ್‌-1ಬಿ ವೀಸಾದಲ್ಲಿ. ಆ ಐ-800ಎ ಅರ್ಜಿಯನ್ನು ಹಾಕಲು ಅಮೆರಿಕದ ಪ್ರಜೆಯೇ ಆಗಿರಬೇಕು. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತ ನಮ್ಮಂಥವರಿಗೆ ಆ ಬಾಗಿಲು ಮುಚ್ಚಿತ್ತು. ಭಾರತದ ಕಾನೂನು ಅನಿವಾಸಿ ಭಾರತೀಯರನ್ನು ಇಲ್ಲಿಯ ನಿವಾಸಿಗಳಿಗೆ ಸಮನಾಗಿ ನೋಡುತ್ತದೆ ಎಂದು ಓದಿ ಖುಷಿಪಟ್ಟಿದ್ದೆ. ಆದರೆ ಒಂದು ದೇಶ ಮಗುವನ್ನು ಕಳಿಸಲು ಒಪ್ಪಿದರೆ ಸಾಲದು, ಇನ್ನೊಂದು ದೇಶ ಅದನ್ನು ಒಳಗೆ ಬಿಟ್ಟುಕೊಳ್ಳಬೇಕಲ್ಲ. ವಕೀಲರು ಅದನ್ನು ವಿವರಿಸಿದ ಸಂಜೆ ನಾನು, ನನ್ನ ಹೆಂಡತಿ ಕಾರಿನಲ್ಲೇ ಒಂದು ಗಂಟೆ ಮಾತಿಲ್ಲದೆ ಕುಳಿತಿದ್ದೆವು.

2021ರಲ್ಲಿ ಅದೇ ಕಂಪನಿಯ ಬೆಂಗಳೂರು ಕಚೇರಿಗೆ ಕೇಳಿ ಹಾಕಿಸಿಕೊಂಡು ಬಂದೆ. ಸಂಬಳ ಬಹಳ ಇಳಿಯಿತು. ನಿವಾಸಿಗಳಾಗಿ ನೋಂದಾಯಿಸಿಕೊಂಡು ಮೂರು ವರ್ಷ ದಾಟಿತು. ಇನ್ನೂ ಕಾಯುತ್ತಿದ್ದೇವೆ. ಬಂದದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಆದರೆ ಮೇಡಂ, ಒಂದು ವಿಷಯದಲ್ಲಿ ನಿಮ್ಮನ್ನು ಎಚ್ಚರಿಸಬೇಕು ಅನ್ನಿಸುತ್ತದೆ. ನಾವು ಎಲ್ಲವನ್ನೂ "ಮಗು ಬಂದ ಮೇಲೆ" ಎಂದು ಮುಂದೂಡಿದೆವು. ಮನೆ ಕೊಳ್ಳಲಿಲ್ಲ. ಹೊಸ ತಂಡದ ಹೊಣೆ ಬೇಡ ಎಂದೆ. ವಿವರ ಬಂದುಬಿಟ್ಟರೆ ಎಂಬ ಭಯದಿಂದ ತಮ್ಮನ ಮನೆಯ ಗೃಹಪ್ರವೇಶಕ್ಕೆ ಅಸ್ಸಾಮಿಗೆ ಹೋಗಲಿಲ್ಲ. ವಿವರ ಬರಲಿಲ್ಲ, ಗೃಹಪ್ರವೇಶ ಮುಗಿದುಹೋಯಿತು. ಶೆಫೀಲ್ಡಿನ ಹುದ್ದೆಯನ್ನು ಬಿಡುವ ಮೊದಲು ನಾಲ್ಕು ಸಲ ಯೋಚಿಸಿ.

ಇನ್ನೊಂದು ಮಾತು ಗಂಡಸರ ಪರವಾಗಿ. ಕಾಯುವ ತಂದೆಯನ್ನು ಕಚೇರಿಯಲ್ಲಿ ಯಾರೂ ಕಾಣುವುದಿಲ್ಲ. ಭಾರತದ ಖಾಸಗಿ ಕೆಲಸಗಾರನಿಗೆ ಪಿತೃತ್ವ ರಜೆ ಕೊಡಲೇಬೇಕೆನ್ನುವ ಕಾನೂನೇ ಇಲ್ಲ. ನನ್ನ ಕಂಪನಿ ತಾನಾಗಿ ಕೊಡುವ ರಜೆಯ ನಿಯಮದಲ್ಲಿ "ಮಗು ಹುಟ್ಟಿದ ದಿನದಿಂದ" ಎಂದಿದೆ. ನಾಲ್ಕು ವರ್ಷದ ಮಗು ಮನೆಗೆ ಬಂದರೆ ಯಾವ ದಿನದಿಂದ ಎಣಿಸುತ್ತೀರಿ ಎಂದು ಕೇಳಿ ಪತ್ರ ಬರೆದಿದ್ದೇನೆ.

ಕಾವೇರಿ ಕಣಿವೆ

ಇಷ್ಟೆಲ್ಲ ಕಷ್ಟ ಏಕೆ ಪಡುತ್ತೀರಿ? ನಮ್ಮ ಕಡೆ ಹೆರಿಗೆ ಆಸ್ಪತ್ರೆಗಳ ಮೂಲಕವೇ ಮಗು ಸಿಗುತ್ತದೆ. ಸಾಕಲಾಗದ ತಾಯಂದಿರು ಇರುತ್ತಾರೆ, ವಕೀಲರು ಛಾಪಾ ಕಾಗದದಲ್ಲಿ ಒಪ್ಪಂದ ಮಾಡಿಕೊಡುತ್ತಾರೆ. ಎರಡೂ ಕಡೆಯವರಿಗೂ ಅನುಕೂಲ. ಒಳ್ಳೆಯ ಮನಸ್ಸಿನಿಂದ ಹೇಳುತ್ತಿದ್ದೇನೆ.

ತೊಟ್ಟಿಲ ಕಾವಲು (ಕಲಬುರಗಿ)

ಕಾವೇರಿ ಕಣಿವೆಯವರೇ, ನಿಮ್ಮ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ನೀವು ಹೇಳುತ್ತಿರುವುದು ಅಪರಾಧ, ಅದನ್ನು ಇಲ್ಲಿ ಮೌನವಾಗಿ ಓದಿ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ನಾನು ಹದಿನೇಳು ವರ್ಷ ವಿಶೇಷ ದತ್ತು ಸಂಸ್ಥೆಯೊಂದರಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೇನೆ. ಬಾಲನ್ಯಾಯ ಕಾಯ್ದೆ 2015ರ 80ನೇ ಕಲಂ ಪ್ರಕಾರ ವಿಧಿ ಬಿಟ್ಟು ಮಗುವನ್ನು ದತ್ತು ಕೊಟ್ಟರೂ ತೆಗೆದುಕೊಂಡರೂ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. ಹಣ ಕೈ ಬದಲಾದರೆ ಅದು 81ನೇ ಕಲಂ, ಐದು ವರ್ಷದವರೆಗೆ ಕಠಿಣ ಸಜೆ. ಛಾಪಾ ಕಾಗದದ ಮೇಲೆ ಕೊಂಡ ಮಗುವನ್ನು ಪೊಲೀಸರ ಜೊತೆ ಹೋಗಿ ಆ ಮನೆಯಿಂದ ಕರೆತಂದಿದ್ದೇನೆ. ಮೂರು ವರ್ಷ ಅಮ್ಮ ಎಂದು ಕರೆದವಳ ಸೆರಗನ್ನು ಅದು ಬಿಡಲಿಲ್ಲ. ಆ ಕೈಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು. ಆ "ಅನುಕೂಲ"ದ ಬೆಲೆಯನ್ನು ಮಗು ತೆರುತ್ತದೆ.

ಈ ವಿಧಿಗಳು ಸುಮ್ಮನೆ ಹುಟ್ಟಿದವಲ್ಲ. ವಿದೇಶಿಯರಿಗೆ ಭಾರತದ ಮಕ್ಕಳನ್ನು ಕೊಡುವಾಗ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರು ಮೊದಲ ಸೂತ್ರಗಳನ್ನು ಹಾಕಿಕೊಟ್ಟರು. ಕಾರಾ ಬಂದದ್ದು, 2003ರಲ್ಲಿ ಭಾರತ ದೇಶಾಂತರ ದತ್ತಿನ ಹೇಗ್ ಒಪ್ಪಂದವನ್ನು ಅಂಗೀಕರಿಸಿದ್ದು ಎಲ್ಲವೂ ಆ ದಾರಿಯಲ್ಲೇ.

ಲೀಡ್ಸಿನ ತಂಗಿ, ಸಂಸ್ಥೆಯ ಒಳಗಿನಿಂದ ನೋಡಿದರೆ ಕಾಯುವಿಕೆ ಹೇಗಿರುತ್ತದೆ ಎಂದು ಹೇಳುತ್ತೇನೆ. ಬಸ್ ನಿಲ್ದಾಣದಲ್ಲಿ ಸಿಕ್ಕ ಮಗು ಬಂದ ದಿನವೇ ದತ್ತು ಮಗುವಾಗುವುದಿಲ್ಲ. ಅದರ ಹೆತ್ತವರನ್ನು ಹುಡುಕಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಪೊಲೀಸರ ವರದಿ ಬರಬೇಕು. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳಲ್ಲಿ, ದೊಡ್ಡ ಮಗುವಾದರೆ ನಾಲ್ಕು ತಿಂಗಳಲ್ಲಿ ಮಕ್ಕಳ ಕಲ್ಯಾಣ ಸಮಿತಿ ಅದನ್ನು ಕಾನೂನುಬದ್ಧವಾಗಿ ದತ್ತಿಗೆ ಮುಕ್ತ ಎಂದು ಘೋಷಿಸಬೇಕು. ತಾಯಿಯೇ ಬಂದು ಒಪ್ಪಿಸಿದ್ದರೆ ಮನಸ್ಸು ಬದಲಿಸಲು ಅವಳಿಗೆ ಎರಡು ತಿಂಗಳು ಕೊಡುತ್ತೇವೆ. ಐವತ್ತೆಂಟನೇ ದಿನ ಮಳೆಯಲ್ಲಿ ನೆನೆಯುತ್ತ ಬಂದು ಮಗುವನ್ನು ಎತ್ತಿಕೊಂಡು ಹೋದ ತಾಯಿಯನ್ನು ನೋಡಿದ್ದೇನೆ. ಆ ದಿನ ಎಲ್ಲೋ ಒಬ್ಬ ದಂಪತಿಯ ಸರದಿ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿರಬೇಕು. ನಮ್ಮ ಸಿಬ್ಬಂದಿ ಮಾತ್ರ ಸಿಹಿ ಹಂಚಿದರು.

ಮುಕ್ತ ಎಂದಾದ ಮೇಲೂ ಮೊದಲ ಅವಕಾಶ ಭಾರತದ ನಿವಾಸಿಗಳಿಗೆ ಮತ್ತು ಅನಿವಾಸಿ ಭಾರತೀಯರಿಗೆ. ಅರವತ್ತು ದಿನಗಳಲ್ಲಿ ಅಲ್ಲಿ ಮನೆ ಸಿಗದಿದ್ದರೆ ಮಾತ್ರ ನಿಮ್ಮಂಥ ಒಸಿಐ ದಂಪತಿಗೆ ಮತ್ತು ವಿದೇಶಿಯರಿಗೆ. ಕಾಯ್ದೆಯ 59ನೇ ಕಲಂನಲ್ಲಿ ಇದೆ. ಹೀಗಾಗಿ ಗಡಿ ದಾಟುವ ಮಕ್ಕಳಲ್ಲಿ ಐದು ದಾಟಿದವರು, ಅಣ್ಣ–ತಂಗಿ ಜೊತೆಯಾಗಿ ಇರುವವರು, ಆರೋಗ್ಯದ ಕಷ್ಟ ಇರುವವರು ಹೆಚ್ಚು. ನಿಮ್ಮ ಹೋಮ್ ಸ್ಟಡಿಯಲ್ಲಿ ಎಷ್ಟು ವಯಸ್ಸಿನವರೆಗೆ ಒಪ್ಪಿಗೆ ಬರೆಸಿದ್ದೀರಿ? ನಾಲ್ಕಕ್ಕೇ ನಿಲ್ಲಿಸಿದ್ದರೆ ಗಂಡ ಹೆಂಡತಿ ಕುಳಿತು ಮತ್ತೊಮ್ಮೆ ಮಾತಾಡಿ. ಬಲವಂತವಿಲ್ಲ. ಮನಸ್ಸು ಒಪ್ಪದೆ ಬರೆಸುವುದು ಮಗುವಿಗೆ ಅನ್ಯಾಯ.

ವಿವರ ಒಪ್ಪಿ, ಕಾರಾದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬಂದ ಮೇಲೆ ಒಂದು ಆಲ್ಬಮ್ ಕಳಿಸಿ. ಕ್ಯಾಮೆರಾ ನೋಡಿ ನಗುವ ಚಿತ್ರಗಳು ಬೇಡ. ಮನೆಯ ಬಾಗಿಲು, ಮಗು ಮಲಗುವ ಮಂಚ, ನೀವು ಚಪ್ಪಲಿ ಬಿಡುವ ಜಾಗ, ಅಡುಗೆಮನೆ. ನಿಮ್ಮಿಬ್ಬರ ಧ್ವನಿಯಲ್ಲಿ ಒಂದು ಕತೆ. ನಾವು ರಾತ್ರಿ ಹಾಕಿ ಕೇಳಿಸುತ್ತೇವೆ. ಸೆಪ್ಟೆಂಬರ್ 2022ರಿಂದ ದತ್ತು ಆದೇಶ ಕೊಡುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಎರಡು ತಿಂಗಳ ಗಡುವಿದೆ. ಆಮೇಲೆ ದತ್ತು ಹೇಗ್ ಒಪ್ಪಂದದಂತೆ ನಡೆದಿದೆ ಎಂಬ ಅನುಸರಣಾ ಪತ್ರ, ಪಾಸ್‌ಪೋರ್ಟ್. ಕಚೇರಿಯಲ್ಲಿ ರಜೆ ಕೇಳುವಾಗ ಒಂದೇ ಪ್ರಯಾಣ ಎಂದು ಲೆಕ್ಕ ಹಾಕಬೇಡಿ. ಮಗುವನ್ನು ನೋಡಲು ಒಮ್ಮೆ, ಕರೆದೊಯ್ಯಲು ಒಮ್ಮೆ ಎಂದು ಎರಡಕ್ಕೆ ಸಿದ್ಧರಾಗಿರಿ.

ಸಂಬಳದ ಚೀಟಿ (ಬರ್ಮಿಂಗ್‌ಹ್ಯಾಮ್)

ನಾನು ಇಲ್ಲಿ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ಕೆಲಸ ಮಾಡುತ್ತೇನೆ, ಊರು ಹಾವೇರಿ. ಲೀಡ್ಸಿನ ಅಕ್ಕ, ನಿಮ್ಮ ಬರಹ ಓದಿದ ಕೂಡಲೇ ಒಂದು ಪ್ರಶ್ನೆ ಬಂತು. ಹೊರದೇಶದಿಂದ ದತ್ತು ತೆಗೆದುಕೊಳ್ಳಲು ನೀವು ಅರ್ಹರು ಎಂದು ಬ್ರಿಟನ್ ಸರ್ಕಾರದಿಂದ ಬಂದ ಪತ್ರ ಯಾವ ದಿನಾಂಕದ್ದು?

ಏಕೆಂದರೆ ಬಹಳ ಜನ ಇಲ್ಲಿಯೇ ಎಡವುತ್ತಾರೆ. ಮಗು ಗೊತ್ತಾದ ಮೇಲೆ ಹೇಳಿದರಾಯಿತು ಎಂದುಕೊಳ್ಳುತ್ತಾರೆ. ನಿಯಮ ಹಾಗಿಲ್ಲ. ಆ ಅಧಿಕೃತ ಪತ್ರ ಕೈಸೇರಿದ 28 ದಿನಗಳೊಳಗೆ ಪತ್ರದ ದಿನಾಂಕವನ್ನು, ಮಗು ಬರಬಹುದಾದ ಅಂದಾಜು ಕಾಲವನ್ನು ಕೆಲಸ ಕೊಟ್ಟವರಿಗೆ ತಿಳಿಸಬೇಕು. ಮಗು ಬ್ರಿಟನ್ನಿಗೆ ಕಾಲಿಟ್ಟ ಮೇಲೆ ಆ ದಿನಾಂಕವನ್ನೂ 28 ದಿನಗಳೊಳಗೆ ತಿಳಿಸಬೇಕು. ರಜೆ ಯಾವಾಗಿನಿಂದ ಎಂಬುದಕ್ಕೆ ಬೇರೆಯಾಗಿ 28 ದಿನಗಳ ಮುನ್ಸೂಚನೆ. ಹೊರದೇಶದ ದತ್ತಿಗೆ ಎಸ್‌ಸಿ6 ಎಂಬ ಫಾರಂ ಇದೆ, ಅದನ್ನು ತುಂಬಿಡಿ.

ಸಿಗುವುದು ಚೆನ್ನಾಗಿಯೇ ಸಿಗುತ್ತದೆ. 52 ವಾರ ರಜೆ, ಅದರಲ್ಲಿ 39 ವಾರ ಕಾನೂನಿನ ವೇತನ, ಮೊದಲ ಆರು ವಾರ ನಿಮ್ಮ ಸರಾಸರಿ ಸಂಬಳದ ಶೇ 90. ದಂಪತಿಯಲ್ಲಿ ಒಬ್ಬರು ದತ್ತು ರಜೆ ತೆಗೆದುಕೊಂಡರೆ ಇನ್ನೊಬ್ಬರಿಗೆ ಪಿತೃತ್ವ ರಜೆ ಇದೆ, ಹಂಚಿಕೊಳ್ಳುವ ದಾರಿಯೂ ಇದೆ. ಆದರೆ ಗಮನಿಸಿ, ಹೊರದೇಶದ ದತ್ತಿನಲ್ಲಿ ಈ ರಜೆ ಶುರುವಾಗುವುದು ಮಗು ಬ್ರಿಟನ್ನಿಗೆ ಬಂದ ದಿನ ಅಥವಾ ಅದಾದ 28 ದಿನಗಳೊಳಗೆ. ಭಾರತದಲ್ಲಿ ನೀವು ಕಳೆಯುವ ವಾರಗಳು ಇದರಲ್ಲಿ ಬರುವುದಿಲ್ಲ. ಅವಕ್ಕೆ ವಾರ್ಷಿಕ ರಜೆಯನ್ನೋ ಸಂಬಳವಿಲ್ಲದ ರಜೆಯನ್ನೋ ಬಳಸಬೇಕು. ಆದ್ದರಿಂದ ಈಗಿನಿಂದಲೇ ಕೂಡಿಡಿ.

ಹೊಸ ಹುದ್ದೆಯ ವಿಷಯ. ರಜೆಯ ಹಕ್ಕಿಗೆ ಇಷ್ಟು ವಾರ ದುಡಿದಿರಬೇಕು ಎಂಬ ಷರತ್ತಿಲ್ಲ, ಆದರೆ ವೇತನಕ್ಕೆ ಅದೇ ಉದ್ಯೋಗದಾತರ ಬಳಿ ಎಡೆಬಿಡದೆ 26 ವಾರ ದುಡಿದಿರಬೇಕು. ಶೆಫೀಲ್ಡಿನ ಆಸ್ಪತ್ರೆಯ ಆಡಳಿತ ಬೇರೆಯಾದರೆ ನಿಮ್ಮ ಹಳೆಯ ಸೇವೆ ಎಣಿಕೆಗೆ ಬರುತ್ತದೆಯೇ ಎಂದು ಸಹಿ ಹಾಕುವ ಮೊದಲು ಬರಹದಲ್ಲಿ ಕೇಳಿ ಪಡೆಯಿರಿ.

ಹೇಮಾವತಿ ದಡದವಳು (ಲೀಡ್ಸ್)

ಹಾವೇರಿಯವರೇ, ನಿಮ್ಮ ಪ್ರಶ್ನೆ ಓದಿ ನನ್ನ ಕೈ ತಣ್ಣಗಾಯಿತು. ಕಡತ ತೆಗೆದು ನೋಡಿದೆ. ಪತ್ರ ಬಂದದ್ದು ಎರಡು ವರ್ಷಕ್ಕೂ ಹಿಂದೆ. ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ಸುದ್ದಿ ಹರಡುತ್ತದೆ, ಹರಡಿದರೆ ಕೈತಪ್ಪುತ್ತದೆ ಎಂಬ ಭಯ. ಊರಿನಲ್ಲಿ ಅಜ್ಜಿ ಮೂರು ತಿಂಗಳು ತುಂಬುವವರೆಗೆ ಬಸಿರನ್ನು ಹೇಳಬಾರದು ಎನ್ನುತ್ತಿದ್ದರು. ನಾನು 26 ತಿಂಗಳು ಹೇಳದೆ ಇಟ್ಟುಕೊಂಡಿದ್ದೇನೆ. ಈಗ ಏನು ಮಾಡಲಿ?

ಕಲಬುರಗಿಯ ಅಕ್ಕ, ನೀವು ಬರೆದದ್ದನ್ನು ಯಜಮಾನರಿಗೆ ಓದಿ ಹೇಳಿದೆ. ಐವತ್ತೆಂಟನೇ ದಿನ ಬಂದ ತಾಯಿಯ ಮಾತು ಬಂದಾಗ ಅವರು ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ನಾವು ನಾಲ್ಕಕ್ಕೇ ನಿಲ್ಲಿಸಿದ್ದೇವೆ, ಹೌದು.

ಸಂಬಳದ ಚೀಟಿ (ಬರ್ಮಿಂಗ್‌ಹ್ಯಾಮ್)

ಗಾಬರಿ ಬೇಡ ಅಕ್ಕ, ಆದರೆ ಇನ್ನು ಒಂದು ವಾರವೂ ತಡ ಮಾಡಬೇಡಿ. ಪತ್ರದ ಪ್ರತಿಯೊಂದಿಗೆ ಬರೆದು ಕೊಡಿ. ತಡವಾದದ್ದಕ್ಕೆ ಕಾರಣವನ್ನು ಇದ್ದ ಹಾಗೆ ಬರೆಯಿರಿ. ಗಡುವು ಮೀರಿದಾಗ ಒಪ್ಪುವುದು ಬಿಡುವುದು ಅವರ ಕೈಯಲ್ಲಿರುತ್ತದೆ, ಆದ್ದರಿಂದ ನಿಮ್ಮ ಕಾರ್ಮಿಕ ಸಂಘದ ಪ್ರತಿನಿಧಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಮಗು ಗೊತ್ತಾಗುವ ಮೊದಲೇ ಹೇಳುತ್ತಿದ್ದೀರಿ ಎಂಬುದು ನಿಮ್ಮ ಪರವಾಗಿದೆ. ಮೌಖಿಕವಾಗಿ ಹೇಳಿ ಬಂದುಬಿಡಬೇಡಿ, ಸ್ವೀಕರಿಸಿದ ಉತ್ತರವನ್ನು ಇಟ್ಟುಕೊಳ್ಳಿ.

ದಾವಣಗೆರೆ ಹುಡುಗಿ

ಎಲ್ಲರೂ ಕಾಯುವವರ ಕಡೆಯಿಂದ ಬರೆಯುತ್ತಿದ್ದೀರಿ. ನಾನು ಆ ಕಡೆಯವಳು. ಮೂರೂವರೆ ವರ್ಷದವಳಿದ್ದಾಗ ದಾವಣಗೆರೆಯ ಶಿಕ್ಷಕ ದಂಪತಿ ನನ್ನನ್ನು ದತ್ತು ತೆಗೆದುಕೊಂಡರು. ಈಗ ನನಗೆ 33, ಬ್ಯಾಂಕಿನಲ್ಲಿ ಕೆಲಸ.

ನನ್ನ ಅಮ್ಮ ನನಗಾಗಿ ಕಾಯುತ್ತಿದ್ದ ದಿನಗಳಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಬರೆದಿದ್ದರು. ಶಾಲೆಯಲ್ಲಿ ವಿರಾಮದ ವೇಳೆ ಕುಳಿತು ಬರೆದದ್ದು. "ಇಂದು ಏಳನೇ ತರಗತಿಗೆ ಭಿನ್ನರಾಶಿ ಕಲಿಸಿದೆ. ನಿನಗೆ ಲೆಕ್ಕ ಇಷ್ಟವಾಗುತ್ತದೋ ಇಲ್ಲವೋ." "ಇಂದು ಅಂಚೆಯವನು ಬರಲಿಲ್ಲ." "ಇಂದು ಪೇಟೆಯಲ್ಲಿ ಕೆಂಪು ಸ್ವೆಟರ್ ನೋಡಿದೆ, ನಿನ್ನ ಅಳತೆ ಗೊತ್ತಿಲ್ಲ." ಹದಿನಾರನೇ ವಯಸ್ಸಿನಲ್ಲಿ ನಾನು ಅವರ ಮೇಲೆ ಬಹಳ ಸಿಟ್ಟಾಗಿದ್ದ ಒಂದು ದಿನ ಅದನ್ನು ನನ್ನ ಕೈಗೆ ಕೊಟ್ಟರು. ನಾನು ಯಾರಿಗೂ ಬೇಡವಾಗಿ ಎಲ್ಲೋ ಮಲಗಿದ್ದೆ ಎಂದು ನಾನು ಅಂದುಕೊಂಡಿದ್ದ ಅದೇ ಮಂಗಳವಾರ ಒಬ್ಬಾಕೆ ನನ್ನ ಸ್ವೆಟರಿನ ಅಳತೆಯ ಬಗ್ಗೆ ಯೋಚಿಸುತ್ತಿದ್ದಳು. ಅದು ನನಗೆ ಏನಾಗಿತ್ತು ಎಂದು ಬರೆಯಲು ಈಗಲೂ ಕಷ್ಟ.

ನನ್ನ ವಿನಂತಿ ಇಷ್ಟು. ಮಗುವಿನ ಹಿಂದಿನ ಬದುಕಿನ ಯಾವ ಚೂರನ್ನೂ ಎಸೆಯಬೇಡಿ. ಕಡತದ ಪ್ರತಿ ಹಾಳೆ, ಸಂಸ್ಥೆಯಲ್ಲಿ ಹಾಕಿಕೊಂಡಿದ್ದ ಅಂಗಿ, ನೋಡಿಕೊಂಡ ಆಯಾ ಕರೆಯುತ್ತಿದ್ದ ಅಡ್ಡಹೆಸರು, ಎಲ್ಲವನ್ನೂ ಇಟ್ಟುಕೊಳ್ಳಿ. ತನ್ನ ಬೇರು ಹುಡುಕುವ ಹಕ್ಕನ್ನು ನಿಯಮಗಳೇ ಮಗುವಿಗೆ ಕೊಟ್ಟಿವೆ. ಸಂಸ್ಥೆ ಇಟ್ಟ ಹೆಸರನ್ನು ಪೂರ್ತಿ ಅಳಿಸಬೇಡಿ. ನನ್ನ ಅಪ್ಪ ಅದನ್ನು ನನ್ನ ಹೆಸರಿನ ಎರಡನೇ ಭಾಗವಾಗಿ ಉಳಿಸಿದರು.

ಬೆಳಗಾವಿ ಮನೆಮಗಳು (ಎಡಿಸನ್, ನ್ಯೂಜೆರ್ಸಿ)

ಪುಟ್ಟೀ, ನಿನ್ನ ಬರಹವನ್ನು ನನ್ನ ಮಗಳಿಗೆ ತೋರಿಸಲು ಅನುಮತಿ ಕೊಡುತ್ತೀಯಾ? ಅವಳು ಕನ್ನಡ ನಿಧಾನವಾಗಿ ಓದುತ್ತಾಳೆ, ನಾನು ಜೊತೆಗೆ ಕುಳಿತು ಓದುತ್ತೇನೆ.

ಸಂಬಂಧಿಕರ ವಿಷಯ ಯಾರೂ ಎತ್ತಲಿಲ್ಲ. ನಮ್ಮನ್ನು ಹೆಚ್ಚು ನೋಯಿಸಿದ್ದು ಕಾಗದಪತ್ರಗಳಿಗಿಂತ ಅದೇ. ಅವಳನ್ನು ಮೊದಲ ಸಲ ಬೆಳಗಾವಿಗೆ ಕರೆದುಕೊಂಡು ಹೋದಾಗ ಪಕ್ಕದ ಮನೆಯವರು ಅಪ್ಪನನ್ನು ಕೇಳಿದರು, "ಯಾವ ಜಾತಿಯದೋ ಏನೋ, ದತ್ತು ಮಗು ಎಷ್ಟೆಂದರೂ ದತ್ತು ಮಗುವೇ ಅಲ್ಲವೇ?" ಅಪ್ಪ ಹೆಚ್ಚು ಮಾತಿನವರಲ್ಲ. ಅವತ್ತು ಹೇಳಿದರು: "ಕಿತ್ತೂರು ಇಲ್ಲಿಂದ ಎಷ್ಟು ದೂರ? 1824ರಲ್ಲಿ ಚೆನ್ನಮ್ಮ ಕತ್ತಿ ಹಿಡಿದದ್ದು ಯಾವ ಮಗನ ಹಕ್ಕಿಗಾಗಿ? ದತ್ತು ಮಗನ ಹಕ್ಕಿಗಾಗಿ. ನೀವು ಪ್ರತಿ ವರ್ಷ ಅವಳ ಪ್ರತಿಮೆಗೆ ಮಾಲೆ ಹಾಕುತ್ತೀರಲ್ಲ." ಆಮೇಲೆ ಆ ಓಣಿಯಲ್ಲಿ ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಮರಳಿ ಬಂದವನು (ಬೆಂಗಳೂರು)

ದಾವಣಗೆರೆಯ ತಂಗಿ, ನಾನು ಇವತ್ತು ಒಂದು ನೋಟ್‌ಬುಕ್ ಕೊಂಡೆ.

ತೊಟ್ಟಿಲ ಕಾವಲು (ಕಲಬುರಗಿ)

ಮರಳಿ ಬಂದ ಅಣ್ಣನಿಗೆ: ಅಸ್ಸಾಮಿನಲ್ಲಿದ್ದರೂ ಮೊಬೈಲಿಗೆ ಸಂದೇಶ ಬರುತ್ತಿತ್ತು, ಒಪ್ಪಿಗೆಯನ್ನು ಪೋರ್ಟಲ್ಲಿನಲ್ಲೇ ಕೊಡಬಹುದಿತ್ತು. ಮುಂದಿನ ಸಲ ಹೋಗಿ ಬನ್ನಿ. ಮಗುವಿಗೆ ಚಿಕ್ಕಪ್ಪನ ಮನೆಯ ದಾರಿ ಗೊತ್ತಿರುವ ಅಪ್ಪ ಬೇಕು.

ಎಲ್ಲರಿಗೂ ಒಂದು ಮಾತು. ಮಗು ಬಂದ ಮೇಲೆ ಹೊರದೇಶದ ದತ್ತಿನಲ್ಲಿ ಎರಡು ವರ್ಷ ವರದಿ ಕಳಿಸಬೇಕು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಅದನ್ನು ತಪಾಸಣೆ ಎಂದುಕೊಳ್ಳಬೇಡಿ. ಆ ಆರು ವರದಿಗಳನ್ನು ನಾವು ಇಲ್ಲಿ ಹೇಗೆ ಕಾಯುತ್ತೇವೆ ಎಂದು ನಿಮಗೆ ತಿಳಿಯದು. ಹಾಲು ಕುಡಿಸಿದ ಆಯಾ ಚಿತ್ರ ನೋಡಿ "ಹಲ್ಲು ಬಿದ್ದಿದೆ" ಎಂದು ಕೂಗಿ ಎಲ್ಲರನ್ನೂ ಕರೆಯುತ್ತಾಳೆ.

ಹೇಮಾವತಿ ದಡದವಳು (ಲೀಡ್ಸ್)

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ.

ಸಂಘದ ಪ್ರತಿನಿಧಿಯೊಂದಿಗೆ ಹೋಗಿ ಪತ್ರ ಕೊಟ್ಟೆ. ಮೇಲಧಿಕಾರಿ ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎರಡು ವರ್ಷ ಇದನ್ನು ಒಬ್ಬಳೇ ಹೊತ್ತುಕೊಂಡು ಎಲ್ಲರಿಗೂ ಕೇಕ್ ಮಾಡಿ ತಂದೆಯಾ?" ಎಂದರು. ನಾನು ಅತ್ತುಬಿಟ್ಟೆ. ತಡವಾದ ಸೂಚನೆಯನ್ನು ಒಪ್ಪಿದ್ದೇವೆ ಎಂದು ಸೋಮವಾರ ಬರಹದಲ್ಲಿ ಉತ್ತರ ಬಂತು. ಪಾಳಿಯಲ್ಲಿ ಮೊಬೈಲನ್ನು ವಿಭಾಗದ ಮೇಜಿನ ಮೇಲೆ ಇಡಲು ಒಪ್ಪಿಗೆ ಸಿಕ್ಕಿದೆ. ಕರೆ ಬಂದರೆ ಯಾರಾದರೂ ಓಡಿ ಬಂದು ಹೇಳುತ್ತಾರೆ. ಸುದ್ದಿ ಇದೆಯೇ ಎಂದು ಕೇಳಬೇಡಿ ಎಂದೂ ಬರೆದಿದ್ದೆ, ಬೆಳಗಾವಿ ಅಕ್ಕ ಹೇಳಿದಂತೆ. ಅವರು ಕೇಳುತ್ತಿಲ್ಲ.

ಶೆಫೀಲ್ಡಿಗೆ ಅರ್ಜಿ ಹಾಕಿದ್ದೇನೆ. ಮನೆ ಬದಲಿಸುವುದಿಲ್ಲ, ರೈಲಿನಲ್ಲಿ ಹೋಗಿಬರುತ್ತೇನೆ. ಹಳೆಯ ಸೇವೆಯ ಎಣಿಕೆಯ ಬಗ್ಗೆ ಬರೆದು ಕೇಳಿದ್ದೇನೆ, ಉತ್ತರ ಬರುವವರೆಗೆ ಸಹಿ ಹಾಕುವುದಿಲ್ಲ. ರಜೆ 19 ದಿನ ಕೂಡಿದೆ.

ವಯಸ್ಸಿನ ವಿಷಯ ಮೂರು ರಾತ್ರಿ ಮಾತಾಡಿದೆವು. ನಾಲ್ಕನೆಯ ಬೆಳಿಗ್ಗೆ ಯಜಮಾನರು ಚಹಾ ಲೋಟ ಕೆಳಗಿಟ್ಟು, "ಏಳು ವರ್ಷದ ಮಗುವಾದರೆ ಸೈಕಲ್ ಕಲಿಸುವ ಭಾಗ್ಯವಾದರೂ ನನಗೇ ಉಳಿದಿರುತ್ತದೆ" ಎಂದರು. ಹೋಮ್ ಸ್ಟಡಿ ಬರೆದ ಸಮಾಜ ಕಾರ್ಯಕರ್ತೆ ಮುಂದಿನ ಗುರುವಾರ ಮನೆಗೆ ಬರುತ್ತಾರೆ.

ಕಲಬುರಗಿಯ ಅಕ್ಕ, ಒಂದು ಕೇಳಬೇಕಿತ್ತು. ಕತೆಯನ್ನು ಕನ್ನಡದಲ್ಲಿ ಓದಿ ಕಳಿಸಿದರೆ, ಮಗು ಒಡಿಯಾವನ್ನೋ ಹಿಂದಿಯನ್ನೋ ಮಾತ್ರ ಬಲ್ಲದಾಗಿದ್ದರೆ, ಆಗಲೂ ರಾತ್ರಿ ಹಾಕಿ ಕೇಳಿಸುತ್ತಾರೆಯೇ?

ತೊಟ್ಟಿಲ ಕಾವಲು (ಕಲಬುರಗಿ)

ಕೇಳಿಸುತ್ತಾರೆ ತಂಗಿ. ನಿಧಾನವಾಗಿ ಓದಿ.